ಬಳ್ಳಾರಿ ಸೀಮೆಯ ಕಂದಾಯ ಮತ್ತು ಥಾಮಸ್ ಮನ್ರೋ

ಮಂತ್ರಾಲಯಕ್ಕೆ ಹೋಗಿ ಬಂದವರಿಗೆಲ್ಲ ಮನ್ರೋ ಸಾಹೇಬನ ಕಥೆ ಗೊತ್ತು. ಮಠದ ಜಮೀನಿನ ವಿಚಾರಣೆಗೆ ಬಂದ ಆತನಿಗೆ ರಾಯರು ಬೃಂದಾವನದಿಂದಲೇ ದರ್ಶನವಿತ್ತರೆಂಬುದು ಪ್ರತೀತಿ. ಆದರೆ ಆತ ನಮ್ಮ ಹೊಲಗಳಿಗೂ ಸಂಬಂಧಪಟ್ಟವನು ಎಂಬುದು, ಇದೇ ಶಾಲೆಯಲ್ಲಿ ರೈತವಾರಿ ಪದ್ಧತಿಯನ್ನು ಎರಡು ಅಂಕಕ್ಕಾಗಿ ಬಾಯಿಪಾಠ ಮಾಡುವಾಗ ನನಗೆ ಹೊಳೆದಿರಲಿಲ್ಲ.

ಮನ್ರೋ ಹುಟ್ಟಿದ್ದು 1761ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಆಗ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ. ಮನ್ರೋನ ತಂದೆ ಅಮೆರಿಕದೊಡನೆ ವ್ಯಾಪಾರ ಮಾಡುತ್ತಿದ್ದು, ಅಲ್ಲಿನ ಯುದ್ಧದಿಂದ ದಿವಾಳಿಯಾದ. ಮಗ 1780ರಲ್ಲಿ ಕಂಪನಿ ಸೈನ್ಯದ ಕೆಡೆಟ್ ಆಗಿ ಮದ್ರಾಸಿಗೆ ಬಂದಿಳಿದ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಇದೇ ದತ್ತ ಮಂಡಲ. ಅದರ ಪ್ರಧಾನ ಕಲೆಕ್ಟರನಾದ ಮನ್ರೋ ಪಾಳೆಯಗಾರರನ್ನು ಅಡಗಿಸಿದ. ಡೇರೆ ಹಾಕಿಕೊಂಡು ಊರೂರು ತಿರುಗಿ ಹೊಲಗಳನ್ನು ಅಳೆಸಿದ. ಜಮೀನ್ದಾರ ನಡುವೆ ಬರದಂತೆ, ಒಬ್ಬೊಬ್ಬ ರೈತನ ಹೆಸರಿಗೇ ಕಂದಾಯ ಗೊತ್ತುಮಾಡಿದ.

ಆದರೆ ಆ ಕಂದಾಯ ಬಲು ಭಾರವಾಗಿತ್ತು. ಆತನ ಲೆಕ್ಕದಲ್ಲೇ ನೂರು ಸೇರು ಬೆಳೆದರೆ ಸುಮಾರು 45 ಸೇರು ಸರ್ಕಾರದ ಪಾಲು. ಅದನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಅಂದರೆ ಕಂದಾಯದಲ್ಲಿ ಕಾಲು ಭಾಗ ಕಡಿಮೆ ಮಾಡಬೇಕು ಎಂದು 1807ರಲ್ಲಿ ಊರಿಗೆ ಹೊರಡುವ ಮುನ್ನ ಮೇಲಿನವರಿಗೆ ಬರೆದ. ರೈತನ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಬೀಳು ನೆಲ ಉಳುಮೆಯಾಗುತ್ತದೆ, ಭೂಮಿಗೆ ಬೆಲೆ ಬರುತ್ತದೆ, ಕೊನೆಗೆ ಸರ್ಕಾರಕ್ಕೂ ನಷ್ಟವಿಲ್ಲ ಎಂಬುದು ಆತನ ವಾದ.

ಯಾರೂ ಒಪ್ಪಲಿಲ್ಲ. ಬದಲಿಗೆ ಇಡೀ ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಹಿಡಿದ ಅನೇಕರು ಹಾಳಾದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರನಾಗಿ ಮರಳಿದ ಮೇಲೆಯೇ ರೈತವಾರಿ ಮತ್ತೆ ಬಂತು, ಕಂದಾಯ ಇಳಿಯಿತು. ನಡುವಿನ ಹದಿಮೂರು ವರ್ಷದ ಹೊರೆ ಹೊತ್ತವರು ನಮ್ಮ ಹಿರಿಯರು. ಮೊದಲು ಆ ದರ ಕಟ್ಟಿ, ವಸೂಲಿ ಮಾಡಿದವನೂ ಮನ್ರೋನೇ ಎಂಬುದನ್ನು ಮರೆಯುವಂತಿಲ್ಲ. ತಪ್ಪು ತನ್ನ ಲೆಕ್ಕದಲ್ಲೇ ಇದೆಯೆಂದು ಕಂಡಾಗ ಅದನ್ನು ಬರೆದು ತಿಳಿಸಿದ, ಅಧಿಕಾರ ಸಿಕ್ಕಾಗ ತಿದ್ದಿದ ಎಂಬುದೂ ಅಷ್ಟೇ ನಿಜ.

ಸ್ವದೇಶಕ್ಕೆ ಮರಳುವ ಮುನ್ನ ದತ್ತ ಮಂಡಲವನ್ನು ಕೊನೆಯ ಸಲ ನೋಡಲು ಬಂದವನು 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಸಂಬಳದ ಚೀಟಿಯಲ್ಲಿ ತಿಂಗಳು ತಿಂಗಳೂ ತೆರಿಗೆಯ ಸಾಲು ಇರುತ್ತದೆ. ರಸ್ತೆ ಬೇಕು, ಆಸ್ಪತ್ರೆ ಬೇಕು. ನನಗೆ ಅಕ್ಷರ ಕಲಿಸಿದ ಈ ಸರ್ಕಾರಿ ಶಾಲೆಯೂ ತೆರಿಗೆಯ ಹಣದಿಂದಲೇ ನಡೆದದ್ದು. ಆದರೂ ದುಡಿದವನ ಕೈಯಲ್ಲಿ ಎಷ್ಟು ಉಳಿಯಬೇಕು ಎಂಬ ಪ್ರಶ್ನೆಯನ್ನು ಯುರೋಪಿನ ಸರ್ಕಾರಗಳು ಇಂದಿಗೂ ಚರ್ಚಿಸುತ್ತಿವೆ. ಸಿರುಗುಪ್ಪದ ಗದ್ದೆ, ಕುರುಗೋಡಿನ ಎರೆಹೊಲಗಳ ಈ ನಾಡಿನಲ್ಲಿ ಆ ಪ್ರಶ್ನೆ ಎದ್ದು ಇನ್ನೂರು ವರ್ಷ ಕಳೆದಿದೆ. ಈಗ ಅದೇ ಪ್ರಶ್ನೆ ಪರೀಕ್ಷೆಗೆ ಬಂದರೆ, ಎರಡು ಅಂಕದ ಉತ್ತರ ನನಗೆ ಸಾಲದು.