ಸಾಮಾನ್ಯ ಪದಗಳ ಅರ್ಥವ್ಯಾಪ್ತಿ ಮತ್ತು ಸ್ಯಾಮ್ಯುಯೆಲ್ ಜಾನ್ಸನ್

ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ 1709ರಲ್ಲಿ ಲಿಚ್‌ಫೀಲ್ಡಿನ ಪುಸ್ತಕ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಬಡತನದಿಂದಾಗಿ ಆಕ್ಸ್‌ಫರ್ಡಿನ ವಿದ್ಯಾಭ್ಯಾಸ ಅರ್ಧದಲ್ಲೇ ನಿಂತಿತು. 1737ರಲ್ಲಿ ಲಂಡನ್ನಿಗೆ ಬಂದು ಪತ್ರಿಕಾ ಬರವಣಿಗೆಯಿಂದ ಜೀವನ ಸಾಗಿಸಿದನು. 1746ರಲ್ಲಿ ಪ್ರಕಾಶಕರೊಡನೆ ಒಪ್ಪಂದ ಮಾಡಿಕೊಂಡು, ಆರು ಮಂದಿ ಲಿಪಿಕಾರರ ನೆರವಿನಿಂದ ನಿಘಂಟಿನ ರಚನೆಯಲ್ಲಿ ತೊಡಗಿದನು.

ಇಂಗ್ಲಿಷಿನ ಆರಂಭಕಾಲದ ನಿಘಂಟುಗಳು ಕಠಿಣ ಪದಗಳಿಗೆ ಒತ್ತು ನೀಡಿದ್ದವು. ಜಾನ್ಸನ್ನನಿಗೆ ಹೆಚ್ಚು ತೊಡಕಾದವು ದಿನಬಳಕೆಯ ಚಿಕ್ಕ ಕ್ರಿಯಾಪದಗಳು. ‘ಟೇಕ್’ ಎಂಬ ಒಂದೇ ಪದಕ್ಕೆ ಆತನು 134 ಅರ್ಥಗಳನ್ನು ವಿಂಗಡಿಸಿದನು. ‘ಫಾಲ್’ ಎಂದರೆ ಬೀಳು. ‘ಫಾಲ್ ಆನ್’ ಎಂದರೆ ಆಕ್ರಮಿಸು. ಮೂಲಕ್ರಿಯೆಯ ಅರ್ಥವನ್ನಷ್ಟೇ ಬಲ್ಲ ಪರಭಾಷಿಕನಿಗೆ ಇಂಥ ನುಡಿಗಟ್ಟುಗಳು ನಿಲುಕಲಾರವೆಂದು ಅರಿತು ಅವುಗಳನ್ನು ಶ್ರದ್ಧೆಯಿಂದ ದಾಖಲಿಸಿದನು. ಅರ್ಥಕ್ಕೆ ಗ್ರಂಥಗಳಲ್ಲಿನ ಪ್ರಯೋಗಗಳೇ ಆಧಾರವಾದವು.

1747ರ ಯೋಜನಾಪತ್ರದಲ್ಲಿ ಭಾಷೆಯನ್ನು ಸ್ಥಿರಗೊಳಿಸುವ ಆಶಯ ವ್ಯಕ್ತವಾಗಿತ್ತು. 1752ರಲ್ಲಿ ಪತ್ನಿಯ ವಿಯೋಗವಾಯಿತು. 1755ರಲ್ಲಿ ಸುಮಾರು 42,000 ನಮೂದುಗಳ ನಿಘಂಟು ಪ್ರಕಟವಾದಾಗ, ಜೀವಂತ ಭಾಷೆಯನ್ನು ಕಟ್ಟಿಹಾಕುವುದು ಅಸಾಧ್ಯವೆಂಬುದನ್ನು ಮುನ್ನುಡಿಯಲ್ಲಿ ಆತನೇ ಒಪ್ಪಿಕೊಂಡನು. ‘ಪೆನ್ಷನ್’ ಪದವನ್ನು ದೇಶದ್ರೋಹಕ್ಕೆ ಸಲ್ಲುವ ಕೂಲಿಯೆಂಬಂತೆ ಅದರಲ್ಲಿ ಲೇವಡಿ ಮಾಡಿದ್ದವನಿಗೆ 1762ರಲ್ಲಿ ವರ್ಷಕ್ಕೆ 300 ಪೌಂಡುಗಳ ರಾಜವೇತನ ದೊರೆತದ್ದು ವಿಪರ್ಯಾಸ. ವಿರೋಧಿಗಳು ಆ ಅರ್ಥವನ್ನೇ ಆತನ ಮೇಲೆ ತಿರುಗಿಸಿದರು.

ಆತನು 1784ರಲ್ಲಿ ನಿಧನನಾದನು. ಪ್ರಯೋಗದಿಂದ ಅರ್ಥವನ್ನು ನಿರ್ಣಯಿಸುವ ಕ್ರಮವನ್ನು ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಚಾರಿತ್ರಿಕ ನೆಲೆಯಲ್ಲಿ ವಿಸ್ತರಿಸಿತು.