ಬುಕಾನನ್ನನು ಕಂಡ ನಾಡು

ರಾಜಾಜಿನಗರದ ನಮ್ಮ ಮನೆಗೆ ರಾಗಿ ಬರುವುದು ಅಂಗಡಿಯ ಪೊಟ್ಟಣದಲ್ಲಿ. ಅದನ್ನು ಬೆಳೆಯುವ ಬಗೆಯನ್ನು ನಾನು ಅರಿತದ್ದು ಬೇಸಾಯಗಾರರಾಗಿದ್ದ ನನ್ನ ಅಜ್ಜನಿಂದಲ್ಲ, ಸ್ಕಾಟ್ಲೆಂಡಿನ ಒಬ್ಬ ವೈದ್ಯನಿಂದ ಎಂದರೆ ವಾಚಕರು ನಗಬಹುದು. ಆತನೇ ಫ್ರಾನ್ಸಿಸ್ ಬುಕಾನನ್.

1762ರಲ್ಲಿ ಜನಿಸಿದ ಬುಕಾನನ್ನನು ಎಡಿನ್‌ಬರೋದಲ್ಲಿ ವೈದ್ಯವಿದ್ಯೆಯನ್ನೂ ಸಸ್ಯಶಾಸ್ತ್ರವನ್ನೂ ಕಲಿತನು. ಕೆಲಕಾಲ ಹಡಗಿನ ವೈದ್ಯನಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದ ಮೇಲೆ, ಈ ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ತಿಳಿದು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿಯು ಅವನನ್ನು ನೇಮಿಸಿದನು. 1800ರ ಏಪ್ರಿಲಿನಲ್ಲಿ ಮದರಾಸಿನಿಂದ ಹೊರಟವನು 1801ರವರೆಗೂ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದನು. ಅವನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಕನ್ನಡ ಬಾರದ ಅವನು ದುಭಾಷಿಗಳ ಮೂಲಕ ಎಲ್ಲರನ್ನೂ ಪ್ರಶ್ನಿಸುತ್ತಿದ್ದನು. ಮುಳ್ಳುಬೇಲಿಯೂ ಕಂದಕವೂ ಸುತ್ತುವರಿದ ಬೆಂಗಳೂರು ಪೇಟೆ, ಅಲ್ಲಿಯ ನೇಕಾರರ ಮಗ್ಗಗಳು, ಚೌಕ ಚೌಕವಾಗಿ ಪಾತಿ ಮಾಡಿದ ಲಾಲ್‌ಬಾಗು, ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದ ಚನ್ನಪಟ್ಟಣ, ಇವೆಲ್ಲ ಅವನ ಪುಟಗಳಲ್ಲಿವೆ. ರಾಗಿಯ ಹೊಲವನ್ನು ಉಳುವ ಕಾಲ, ಹಾಕುವ ಗೊಬ್ಬರ, ನಡುನಡುವೆ ಬಿತ್ತುವ ಅವರೆ ತೊಗರಿಯ ಸಾಲು, ಒಂದನ್ನೂ ಅವನು ಬಿಟ್ಟಿಲ್ಲ.

ಆ ಬೇಲಿ, ಆ ಕಂದಕ ಇಂದಿಲ್ಲ. ಅವನು ಬಂದಾಗ ರಾಜಾಜಿನಗರವೆಂಬ ಹೆಸರೂ ಇರಲಿಲ್ಲ. ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ ಭಾರತದ ಕೊನೆಯ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ ಈ ಬಡಾವಣೆ ಎದ್ದಿತು.

ಬುಕಾನನ್ನನು ಬಂದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಗೆದ್ದ ನಾಡಿನ ಬೆಲೆಯನ್ನು ಕಂಪನಿಗೆ ತಿಳಿಸಲು. ಟಿಪ್ಪುವನ್ನು ಕುರಿತ ಅವನ ಮಾತುಗಳನ್ನು ಗೆದ್ದವರ ಮಾತೆಂದೇ ತೂಗಿ ನೋಡಬೇಕು. ಅವನಿಗೆ ಉತ್ತರವಿತ್ತ ರೈತರಲ್ಲಿ ಹೆಚ್ಚಿನವರ ಹೆಸರು ಉಳಿದಿಲ್ಲ. ಆದರೂ ಅವರ ತಿಳಿವಳಿಕೆ ಉಳಿದಿರುವುದು ಅವನ ಲೇಖನಿಯಿಂದಲೇ.

ಮುಂದೆ ಅವನು ನೇಪಾಳಕ್ಕೆ ಹೋಗಿಬಂದನು. 1807ರಿಂದ 1814ರವರೆಗೆ ಬಂಗಾಳವನ್ನು ಸಮೀಕ್ಷಿಸಿ, ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. 1815ರಲ್ಲಿ ಸ್ವದೇಶಕ್ಕೆ ಮರಳಿ, ತಾಯಿಯ ಮನೆತನದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ, 1829ರಲ್ಲಿ ತೀರಿಕೊಂಡನು. ನಮ್ಮ ಕಾಡುಗಳ ಚಾರೋಳಿ ಮರದ ಶಾಸ್ತ್ರೀಯ ನಾಮದಲ್ಲಿ ಅವನ ಹೆಸರು ಸೇರಿದೆ.

ಪರದೇಶದವನು ಅಷ್ಟು ತಾಳ್ಮೆಯಿಂದ ಕೇಳಿದ ಪ್ರಶ್ನೆಗಳನ್ನು ನಾನು ನನ್ನ ಅಜ್ಜನಿಗೆ ಒಮ್ಮೆಯೂ ಕೇಳಲಿಲ್ಲ. ನನಗೆ ದುಭಾಷಿಯೂ ಬೇಕಿರಲಿಲ್ಲ. ಅವರು ಈಗಿಲ್ಲ. ಅಜ್ಜಿ ಊರಿನಲ್ಲಿದ್ದಾರೆ. ಈ ರಜೆಗೆ ಹೋಗುವಾಗ ಒಂದು ನೋಟುಪುಸ್ತಕವನ್ನು ಕೊಂಡೊಯ್ಯುತ್ತೇನೆ.