ಡಾಕ್ಟರ್ ಕಾಯ್ ರೋಹೋಲ್ಮ್

ನನ್ನ ಅಜ್ಜಿಯ ಊರು ಪಾವಗಡದ ಕಡೆ. ಅಜ್ಜಿಗೆ ಕತ್ತು ಹೊರಳದು. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾಳೆ. ಮುಪ್ಪಿನ ಬೇನೆಯೆಂದೇ ನಾವೆಲ್ಲ ನಂಬಿದ್ದೆವು. ಕೊಳವೆಬಾವಿಯ ನೀರಿನ ಫ್ಲೋರೈಡು ಕಾರಣವೆಂದು ವೈದ್ಯರು ಹೇಳಿದ ಮೇಲೆ ನಾನು ಪುಸ್ತಕಗಳನ್ನು ತಡಕಿದೆ. ಹಾಗೆ ಪರಿಚಯವಾದವನು ಡೆನ್ಮಾರ್ಕಿನ ವೈದ್ಯ ಕಾಯ್ ರೋಹೋಲ್ಮ್.

ಅವನು ಹುಟ್ಟಿದುದು 1902ರಲ್ಲಿ. ಆ ಕಾಲದಲ್ಲಿ ಗ್ರೀನ್‌ಲೆಂಡಿನ ಇವಿಗ್ಟುಟ್ ಗಣಿಯಿಂದ ಕ್ರಯೊಲೈಟ್ ಎಂಬ ಬಿಳಿಯ ಖನಿಜ ಹಡಗಿನಲ್ಲಿ ಕೋಪನ್‌ಹೇಗನ್ನಿಗೆ ಬರುತ್ತಿತ್ತು. ಅಲ್ಲಿಯ ಕಾರ್ಖಾನೆಯಲ್ಲಿ ಅದನ್ನು ಪುಡಿಮಾಡುತ್ತಿದ್ದರು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಫ್ಲೋರೀನೇ. ಆ ಧೂಳನ್ನು ಉಸಿರಾಡಿದ ಕೂಲಿಗಾರರ ಮೂಳೆಗಳು ಎಕ್ಸ್-ರೇ ಚಿತ್ರದಲ್ಲಿ ವಿಚಿತ್ರವಾಗಿ ದಟ್ಟವಾಗಿರುವುದನ್ನು 1932ರಲ್ಲಿ ಮೊಲ್ಲರ್ ಮತ್ತು ಗುಡ್ಯೋನ್ಸನ್ ಎಂಬಿಬ್ಬರು ಕಂಡಿದ್ದರು. ರೋಹೋಲ್ಮ್ ಆ ಎಳೆಯನ್ನೇ ಹಿಡಿದು ಹೊರಟ. 68 ಮಂದಿಯನ್ನು ಪರೀಕ್ಷಿಸಿದಾಗ 57 ಮಂದಿಯಲ್ಲಿ ಮೂಳೆ ಹಾಗೆಯೇ ಮಾರ್ಪಟ್ಟಿತ್ತು. ದುಡಿದ ವರ್ಷಗಳು ಹೆಚ್ಚಿದಂತೆ ರೋಗವೂ ಬಲಿತಿತ್ತು. ದಟ್ಟವಾದ ಮೂಳೆಯೆಂದರೆ ಬಲವಾದ ಮೂಳೆಯಲ್ಲ. ಕೀಲಿನ ಕಟ್ಟುಗಳಲ್ಲೂ ಸುಣ್ಣ ಸೇರಿ ಬೆನ್ನು ಬಿದಿರಿನಂತೆ ಸೆಟೆಯುತ್ತದೆ. ಇದನ್ನೆಲ್ಲ ಅವನು 1937ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದ.

ಇಲ್ಲಿ ಮೂಳೆಯ ಸ್ವಭಾವವನ್ನು ಸ್ವಲ್ಪ ಹೇಳಬೇಕು. ದೊಡ್ಡವರ ರಕ್ತ ಸೇರಿದ ಫ್ಲೋರೈಡಿನಲ್ಲಿ ಸುಮಾರು ಅರ್ಧ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದು ಎಲುಬಿನ ಹರಳುಗಳಲ್ಲಿ ಹೈಡ್ರಾಕ್ಸಿಲ್ ಇದ್ದ ಜಾಗವನ್ನು ಹಿಡಿದು ಕೂರುತ್ತದೆ. ದೇಹದಲ್ಲಿರುವ ಫ್ಲೋರೈಡಿನಲ್ಲಿ ನೂರಕ್ಕೆ ಸುಮಾರು 99 ಪಾಲು ಮೂಳೆ, ಹಲ್ಲುಗಳಲ್ಲೇ. ಬೆಳೆಯುವ ಮಕ್ಕಳ ಮೂಳೆ ಇನ್ನೂ ಹೆಚ್ಚು ಹಿಡಿದಿಡುತ್ತದೆ; ಮೂತ್ರಪಿಂಡ ಸೋತ ಮುದುಕರಲ್ಲಿ ಹೊರಹೋಗುವುದೇ ಕಡಿಮೆ. ಹಳೆಯ ಮೂಳೆ ಕರಗಿ ಹೊಸದು ಕೂಡುವಾಗ ಒಂದಿಷ್ಟು ಬಿಡುಗಡೆಯಾಗುವುದುಂಟು, ಆದರೆ ಅದಕ್ಕೆ ವರ್ಷಗಳೇ ಬೇಕು. ಆದ್ದರಿಂದ ಒಂದೇ ಬಾವಿಯ ನೀರು ಕುಡಿದರೂ ಇಪ್ಪತ್ತರ ಮೂಳೆಗಿಂತ ಎಪ್ಪತ್ತರ ಮೂಳೆಯಲ್ಲಿ ಗಂಟು ದೊಡ್ಡದು.

1930ರಲ್ಲಿ ಬೆಲ್ಜಿಯಮ್ಮಿನ ಮ್ಯೂಜ್ ಕಣಿವೆಯ ಮಂಜಿನಲ್ಲಿ ಸುಮಾರು 60 ಜನ ಸತ್ತದ್ದಕ್ಕೂ ಫ್ಲೋರೀನೇ ಕಾರಣವೆಂದು ರೋಹೋಲ್ಮ್ ವಾದಿಸಿದ. ಗಂಧಕದ ಅನಿಲವೇ ಕಾರಣವೆಂದವರೂ ಇದ್ದಾರೆ. ಇಲ್ಲಿ ಅವನದು ತುಸು ಆತುರವೇನೋ ಎಂದು ನನ್ನ ಅನುಮಾನ. ಆದರೆ ಕೂಲಿಗಾರರ ಮೂಳೆಯ ವಿಷಯದಲ್ಲಿ ಅವನನ್ನು ಅಲ್ಲಗಳೆಯುವಂತಿಲ್ಲ. ಅವನ ಗ್ರಂಥ ಬಂದ 1937ರಲ್ಲೇ ನಮ್ಮ ನೆರೆಯ ನೆಲ್ಲೂರು ಜಿಲ್ಲೆಯಲ್ಲಿ ಬಾವಿನೀರಿನಿಂದ ಇದೇ ರೋಗ ಬಂದುದನ್ನು ಶಾರ್ಟ್ ಮತ್ತು ಸಂಗಡಿಗರು ವರದಿಮಾಡಿದರು.

ರೋಹೋಲ್ಮ್ 1948ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ, ತೀರಿಕೊಂಡ. ಅಜ್ಜಿಯ ಮನೆಗೆ ಈಗ ಶುದ್ಧಮಾಡಿದ ನೀರು ಬರುತ್ತಿದೆ. ಕಳೆದ ರಜೆಯಲ್ಲಿ ಹೋದಾಗ ಹಿಂದಿನಿಂದ ಕರೆದೆ. ಎಂದಿನಂತೆ ಮೈಯೆಲ್ಲ ತಿರುಗಿಸಿಯೇ ನೋಡಿದಳು.